ಹನ್ನೊಂದನೇ ಷರತ್ತು

ಕೂಲಿ ಒಪ್ಪಂದಗಳನ್ನು ಓದುವುದು ನನ್ನ ಕೆಲಸ. ಹೀಗೆಂದು ಯಾರಿಗಾದರೂ ಹೇಳಿದರೆ ಮುಖ ಸಪ್ಪಗೆ ಮಾಡಿಕೊಂಡು ಮಾತು ಬದಲಾಯಿಸುತ್ತಾರೆ. ಅರಸೀಕೆರೆಯ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತಾ, ಬೇಲೂರು ತಾಲ್ಲೂಕಿನ ಕಾಫಿ ತೋಟಗಳ ಕಾರ್ಮಿಕ ಸಂಘಗಳ ಬಗ್ಗೆ ನಾಲ್ಕು ವರ್ಷದಿಂದ ಪಿಎಚ್‌ಡಿ ಮಾಡುತ್ತಿದ್ದೇನೆ. ಸಂಘಗಳೇ ಕಣ್ಣು ಮುಚ್ಚುತ್ತಿರುವಾಗ ಈ ಸಿಂಧುವಿನದೇನು ಸಂಶೋಧನೆ ಎಂದು ಸ್ಟಾಫ್ ರೂಮಿನಲ್ಲಿ ನಗುತ್ತಾರೆ. ನಗಲಿ, ಅವರ ಪಾಠಕ್ಕೆ ಹುಡುಗರು ನಗುವುದನ್ನು ನಾನೂ ಕೇಳಿದ್ದೇನೆ.

ಒಪ್ಪಂದಗಳೆಲ್ಲ ಒಂದೇ ಥರ ಇರುತ್ತವೆ. ದಿನಗೂಲಿ, ಬೋನಸ್ಸು, ಮಳೆಗಾಲಕ್ಕೆ ಕಂಬಳಿ, ಕೂಲಿಗಳ ಲೈನ್ ಮನೆಗಳಿಗೆ ಹೊಸ ಹೆಂಚು, ಬಾಣಂತಿಗೆ ರಜೆ. ಬಿಕ್ಕೋಡಿನ ಹತ್ತಿರದ ಕರಡಿಕಾನು ಎಸ್ಟೇಟಿನ ೧೯೯೯ರ ಒಪ್ಪಂದ ಕೈಗೆ ಸಿಕ್ಕಾಗಲೂ ಹತ್ತು ಷರತ್ತುಗಳನ್ನು ಆಕಳಿಸುತ್ತಲೇ ಓದಿದೆ. ಹನ್ನೊಂದನೆಯದಕ್ಕೆ ಬಂದಾಗ ಕೂತಲ್ಲೇ ನೆಟ್ಟಗಾದೆ. 'ದ್ಯಾವಯ್ಯ ಎಂಬ ಹೆಸರನ್ನು ಹಾಜರಿ ಪುಸ್ತಕದಿಂದ ತೆಗೆಯತಕ್ಕದ್ದಲ್ಲ. ಸದರಿ ಹೆಸರನ್ನು ಪ್ರತಿ ಕೆಲಸದ ದಿನ ಹಾಜರಿಯ ವೇಳೆ ಕೂಗತಕ್ಕದ್ದು.' ಕೆಳಗೆ ಮಾಲೀಕರ ಸಹಿ, ಸಂಘದ ಮೂವರ ಹೆಬ್ಬೆಟ್ಟು. ದ್ಯಾವಯ್ಯ ಯಾರು, ಅವನ ಹೆಸರನ್ನು ಯಾಕೆ ಕೂಗಬೇಕು ಎಂಬುದಕ್ಕೆ ಒಂದು ಸಾಲೂ ಇರಲಿಲ್ಲ.

ನನ್ನ ಗೈಡ್ ಉಮಾಶಂಕರ್ ಸರ್ ಕನ್ನಡಕ ಹಣೆಗೇರಿಸಿ ಓದಿದರು. "ಇದನ್ನ ಬಿಟ್ಟುಬಿಡಿ ಸಿಂಧು. ಷರತ್ತುಗಳ ಟೇಬಲ್ಲೇ ಕೆಡುತ್ತೆ" ಎಂದರು. ನಾನು ಹೋಗಿ ನೋಡಿಬರುತ್ತೇನೆ ಎಂದೆ. "ಹೋಗಿ. ಆದ್ರೆ ಹೆಸರುಗಳನ್ನೆಲ್ಲ ತೆಗೆದೇ ಬರೀಬೇಕು, ಗೊತ್ತಲ್ಲ." ಸಂಶೋಧನೆಯಲ್ಲಿ ಹಾಗೊಂದು ನಿಯಮವಿದೆ. ನಮಗೆ ಮಾತು ಕೊಟ್ಟವರಿಗೆ ಮುಂದೆ ತೊಂದರೆಯಾಗಬಾರದೆಂದು ಅವರ ಹೆಸರು ತೆಗೆದು ಒಂದು ನಂಬರು ಕೊಡುತ್ತೇವೆ. ನನ್ನ ಟಿಪ್ಪಣಿಗಳಲ್ಲಿ ಇನ್ನೂರ ಹತ್ತು ಜನ ಕೂಲಿಗಳಿದ್ದರು, ಒಬ್ಬರಿಗೂ ಹೆಸರಿರಲಿಲ್ಲ. ಅದನ್ನು ನಾನು ಸಭ್ಯತೆ ಅಂದುಕೊಂಡಿದ್ದೆ.

ಇಲ್ಲಿ ಅಪ್ಪಾಜಿಯ ವಿಷಯ ಹೇಳಬೇಕು. ನಮ್ಮ ತಂದೆ ಇಂದುಧರ ಹಿಂದೆ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದರು. ಬೆಳಿಗ್ಗೆ ಕೂಲಿಗಳ ಹೆಸರು ಕೂಗಿ ಹಾಜರಿ ಹಾಕುವವರಿಗೆ ತೋಟದಲ್ಲಿ ರೈಟರ್ ಎನ್ನುತ್ತಾರೆ. ನನಗೆ ಏಳು ವರ್ಷವಿದ್ದಾಗ ಆ ಕೆಲಸ ಬಿಟ್ಟು ಅರಸೀಕೆರೆಗೆ ಬಂದು ಒಂದು ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರಾದರು. ಯಾವ ತೋಟ ಎಂದು ಕೇಳಿದರೆ "ಬಿಕ್ಕೋಡು ಕಡೆ" ಎನ್ನುತ್ತಿದ್ದರು. ಆ ಕಡೆ ಹತ್ತಾರು ತೋಟಗಳಿವೆ. ಈಗ ಅವರಿಗೆ ಎಪ್ಪತ್ತಮೂರು. ಮೂರು ವರ್ಷದಿಂದ ನೆನಪು ಕಳಚುತ್ತಿದೆ. ಊಟ ಮಾಡಿ ಕೈ ತೊಳೆದ ಮೇಲೆ ಊಟ ಯಾವಾಗ ಎಂದು ಕೇಳುತ್ತಾರೆ. ಒಮ್ಮೊಮ್ಮೆ ಅಮ್ಮನನ್ನೇ "ನೀವು ಯಾರ ಪೈಕಿ" ಎಂದು ವಿಚಾರಿಸುತ್ತಾರೆ.

ಒಂದು ಮಾತ್ರ ಹೋಗಿಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಇಟ್ಟು, ಬೀದಿ ಬಾಗಿಲ ಮೆಟ್ಟಿಲ ಮೇಲೆ ಕೂತು, ಸರಿಯಾಗಿ ಏಳೂವರೆಗೆ ಅವರು ಹೆಸರು ಕೂಗುತ್ತಾರೆ. "ಈರಯ್ಯ. ತಿಮ್ಮಕ್ಕ. ಗುಂಡಯ್ಯ. ಹಲಗಯ್ಯ." ಆಮೇಲೆ ಒಂದು ಉಸಿರಿನಷ್ಟು ನಿಲುಗಡೆ. ಆಮೇಲೆ "ಸಣ್ಣತಾಯಮ್ಮ. ಚೌಡಮ್ಮ." ಹೀಗೆ ನಲವತ್ತು ಹೆಸರು. ಚಿಕ್ಕವಳಿದ್ದಾಗ ಇದೂ ಪೂಜೆಯದೇ ಮಂತ್ರವೆಂದು ನಂಬಿದ್ದೆ. ಅದರ ಲಯಕ್ಕೆ ಹಗ್ಗ ಜಿಗಿಯುತ್ತಿದ್ದೆ, ಆ ನಿಲುಗಡೆ ಬಂದಾಗಲೆಲ್ಲ ಹಗ್ಗ ಕಾಲಿಗೆ ಸಿಕ್ಕಿಕೊಳ್ಳುತ್ತಿತ್ತು. ಅಲ್ಲಿ ಯಾಕೆ ನಿಲ್ಲಿಸುತ್ತೀರಿ ಎಂದು ಒಂದು ಸಲ ಕೇಳಿ ಬೆನ್ನ ಮೇಲೆ ಏಟು ತಿಂದೆ. ಜೀವನದಲ್ಲಿ ಅವರು ನನಗೆ ಹೊಡೆದದ್ದು ಅದೊಂದೇ ಸಲ. ಅರಸೀಕೆರೆಗೆ ಬಂದಾಗಿನಿಂದ ಅವರಿಗೆ ಇನ್ನೊಂದು ಅಭ್ಯಾಸವೂ ಇತ್ತು. ಬಲಗೈ ಹೆಬ್ಬೆರಳಿನ ಉಗುರಿನಿಂದ ಏನನ್ನಾದರೂ ಕೆರೆಯುತ್ತಲೇ ಇರುವುದು. ತಟ್ಟೆಯ ಅಂಚು, ಪೇಪರಿನ ಮೂಲೆ, ಏನೂ ಸಿಗದಿದ್ದರೆ ತಮ್ಮದೇ ಮೊಣಕಾಲು. ನಮ್ಮ ಮನೆಯ ಮೆಟ್ಟಿಲಿನ ಗಾರೆಯಲ್ಲಿ ಒಂದು ಕಡೆ ಸಣ್ಣ ಗುಳಿ ಬಿದ್ದಿದೆ.

ಡಿಸೆಂಬರಿನ ಒಂದು ಶನಿವಾರ ಬಸ್ಸು ಹತ್ತಿ, ಹಳೇಬೀಡು ದಾಟಿ, ಬೇಲೂರಿನ ಲಾಡ್ಜಿನಲ್ಲಿ ಉಳಿದೆ. ಮರುದಿನ ಬೆಳಿಗ್ಗೆ ಬೇಗನೆ ಬಿಕ್ಕೋಡಿಗೆ ಹೋದೆ. ಕೊಯ್ಲಿನ ಕಾಲ, ಭಾನುವಾರವೂ ಕೆಲಸ. ಕರಡಿಕಾನು ಸಂಘದ ಕಾರ್ಯದರ್ಶಿ ನಟರಾಜ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ. ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಕೂಲಿಗಳನ್ನು ತೋಟಗಳಿಗೆ ಕರೆದೊಯ್ಯುವ ಜೀಪು ಓಡಿಸುತ್ತಾನೆ. ದ್ಯಾವಯ್ಯ ಯಾರು ಎಂದು ದಾರಿಯಲ್ಲೇ ಕೇಳಿದೆ. "ನಮ್ಮಪ್ಪ" ಎಂದ. ಗೇರು ಬದಲಾಯಿಸಿದ.

ಕಾಫಿ ಒಣಗಿಸುವ ಕಣದಲ್ಲಿ ಎಂಬತ್ತು ಜನ ಕೂಲಿಗಳು ನಿಂತಿದ್ದರು. ಅರ್ಧಕ್ಕಿಂತ ಹೆಚ್ಚು ಅಸ್ಸಾಮಿನಿಂದ ಬಂದವರು. ಈಗಿನ ರೈಟರ್ ಹೇಮಂತ್, ಹಾರನಹಳ್ಳಿಯ ಕಡೆಯವನು, ಪುಸ್ತಕ ಹಿಡಿದುಕೊಂಡು ಬಂದ. ತಾನು ಸೇರಿ ಎಂಟು ತಿಂಗಳಾಯಿತು ಎಂದ. "ನನ್ನ ಹಿಂದಿನವರು ಒಂದೂವರೆ ವರ್ಷ ಇದ್ರು ಮೇಡಂ. ಅವರ ಹಿಂದಿನವರು ಎರಡು. ಇಲ್ಲಿ ರೈಟರ್ ನಿಲ್ಲಲ್ಲ."

"ಯಾಕೆ?"

"ನಿಂತು ಕೇಳಿ, ಗೊತ್ತಾಗುತ್ತೆ."

ಮೊದಲು ಅಸ್ಸಾಮಿನವರ ಹೆಸರುಗಳು. ಕೊನೆಯಲ್ಲಿ ಹಳಬರ ಪುಟ. "ತಿಮ್ಮಕ್ಕ" ಎಂದ ಹೇಮಂತ್. "ಬಂದಿವ್ನಿ" ಎಂದಳು ಒಬ್ಬಳು. ನನ್ನ ಕಿವಿ ಚುರುಕಾಯಿತು. ತಿಮ್ಮಕ್ಕ ಎಂಬ ಹೆಸರಿನವರು ಊರಿಗೆ ಹತ್ತು ಜನ ಇರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಹೇಮಂತ್ ಮುಂದಿನ ಹೆಸರಿಗೆ ಬಾಯಿ ತೆರೆಯುವ ಮೊದಲೇ ನನ್ನ ತುಟಿ "ಗುಂಡಯ್ಯ, ಹಲಗಯ್ಯ" ಎಂದಿತು. ಅವನು ಗುಂಡಯ್ಯನನ್ನು ಬಿಟ್ಟು "ಹಲಗಯ್ಯ" ಎಂದ. ಪಕ್ಕದಲ್ಲಿ ನಿಂತಿದ್ದ ನಟರಾಜ್ ತಿರುಗಿ ನನ್ನ ಬಾಯಿಯನ್ನೇ ನೋಡಿದ. ನಾನು ರೂಢಿಯಂತೆ ಒಂದು ಉಸಿರಿನಷ್ಟು ನಿಲ್ಲಿಸಿದೆ. ಹೇಮಂತ್ ನಿಲ್ಲಿಸಲಿಲ್ಲ.

"ದ್ಯಾವಯ್ಯ."

"ಬಂದವ್ನೆ" ಎಂದಿತು ಇಡೀ ಕಣ.

ಘೋಷಣೆಯಂತೆ ಕೂಗಿದ್ದಲ್ಲ. ಪಕ್ಕದ ಮನೆಯವರನ್ನು ಕೇಳಿದಾಗ ಹೇಳುವಷ್ಟೇ ಸಹಜವಾಗಿ ಎಂಬತ್ತು ಜನ ಒಟ್ಟಿಗೆ ಹೇಳಿದರು. ಅಸ್ಸಾಮಿನವರೂ ಹೇಳಿದರು. ಇಲ್ಲಿಗೆ ಬಂದವರು ಕಲಿಯುವ ಮೊದಲ ಕನ್ನಡದ ಮಾತೇ ಅದಂತೆ, ಬಂದವನು ಯಾರು ಎಂದು ಅವರಿಗೆ ಗೊತ್ತಿಲ್ಲ. ಹೇಮಂತ್ ಕತ್ತು ಎತ್ತಲಿಲ್ಲ. "ಸಣ್ಣತಾಯಮ್ಮ" ಎಂದ. ಮುಂದಿನ ಸಾಲಿನಲ್ಲಿದ್ದ ಸಣಕಲು ಮುದುಕಿ "ಬಂದಿವ್ನಿ" ಎಂದಳು. ಇಪ್ಪತ್ತೈದು ವರ್ಷ ನಮ್ಮ ಮನೆಯ ಮೆಟ್ಟಿಲ ಮೇಲಿದ್ದ ಖಾಲಿ ಜಾಗಕ್ಕೆ ಒಂದು ಹೆಸರಿತ್ತು.

ಹೇಮಂತ್ ಆಮೇಲೆ ಪುಸ್ತಕ ತೋರಿಸಿದ. ಬೆಳಿಗ್ಗೆ ಬಂದವರ ಹೆಸರಿನ ಮುಂದೆ ಒಂದು ಓರೆಗೆರೆ, ಸಂಜೆಯವರೆಗೆ ದುಡಿದರೆ ಅದಕ್ಕೆ ಅಡ್ಡವಾಗಿ ಇನ್ನೊಂದು. ದ್ಯಾವಯ್ಯನ ಸಾಲಿನಲ್ಲಿ ಮನೆಗಳೆಲ್ಲ ಖಾಲಿ. "ಕೂಗ್ಬೇಕು ಅಂತ ಷರತ್ತಿದೆ, ಗೆರೆ ಹಾಕ್ಬೇಕು ಅಂತ ಇಲ್ಲ. ತೋಟ ಎರಡು ಸಲ ಮಾರಾಟ ಆಗಿದೆ, ಹೊಸ ಧಣಿಗಳೂ ಅದನ್ನೇ ಹೇಳ್ತಾರೆ. ಅಷ್ಟು ಜನ ಬಂದವ್ನೆ ಅಂತಾರೆ, ನಾನು ಖಾಲಿ ಬಿಡ್ತೀನಿ. ದಿನಾ ಒಂದು ಸುಳ್ಳಿಗೆ ಸಾಕ್ಷಿ ಹಾಕಿದಂಗೆ ಆಗುತ್ತೆ ಮೇಡಂ. ಯಾವುದು ಸುಳ್ಳು ಅನ್ನೋದು ಮಾತ್ರ ಗೊತ್ತಿಲ್ಲ."

ನಟರಾಜನ ತಾಯಿ ಸಣ್ಣತಾಯಮ್ಮ ನರ್ಸರಿಯಲ್ಲಿ ಕಾಫಿ ಸಸಿಗಳಿಗಾಗಿ ಪ್ಲಾಸ್ಟಿಕ್ ಚೀಲಗಳಿಗೆ ಮಣ್ಣು ತುಂಬುತ್ತಿದ್ದಳು. ನಾನು ರೆಕಾರ್ಡರ್, ನೋಟ್‌ಬುಕ್ಕು, ಪೆನ್ನು ತೆಗೆದೆ, ಅವಳು ರೆಕಾರ್ಡರನ್ನು ನೋಡಲೂ ಇಲ್ಲ.

"ಮರಗಸಿ ಕಾಲ ಕಣವ್ವ" ಎಂದಳು. ಮರಗಸಿ ಎಂದರೆ ನೆರಳಿನ ಮರಗಳ ಕೊಂಬೆ ಕಡಿದು ಕಾಫಿ ಗಿಡಕ್ಕೆ ಬಿಸಿಲು ಬಿಡುವ ಕೆಲಸ. "ಬೆಳಗ್ಗೆ ಆಜ್ರಿ ಕೂಗವಾಗ ನನ್ ಪಕ್ದಾಗೇ ನಿಂತಿದ್ದ. ರೈಟ್ರಪ್ಪ ಕೂಗಿದ್ರು, ಇವ್ನು ಓ ಅಂದ. ಈ ಕಿವೀಲೇ ಕೇಳಿವ್ನಿ. ಅನ್ನೊಂದು ಗಂಟೆಗೆ ಆಲವಾಣದ ಮರದಿಂದ ಬಿದ್ದ. ನಾನು ಓಗೋ ಒತ್ಗೆ ಉಸ್ರಿಲ್ಲ. ಮಾರ್ನೇ ದಿನ ಲೇಬರ್ ಆಪೀಸ್ನೋರು ಬಂದು ಪುಸ್ತಕ ತೆಗ್ದು ನೋಡುದ್ರೆ, ಗೈರು ಅಂತ ಐತೆ."

"ಗೈರಾ?"

"ಕೆಲ್ಸಕ್ಕೇ ಬಂದಿರ್ಲಿಲ್ಲ ಅಂತೆ. ಜೇನು ಕದಿಯಾಕೆ ಮರ ಅತ್ತಿದ್ದ ಅಂತೆ. ಕೆಲ್ಸದಾಗೆ ಸತ್ರೆ ಧಣಿ ತಲೆ ಮ್ಯಾಗೆ ಬತ್ತದೆ, ಕಳ್ತನದಾಗೆ ಸತ್ರೆ ಅವ್ನ ಅಣೆಬರಾ." ಅವಳು ಮಣ್ಣಿನ ಹೆಂಟೆಯೊಂದನ್ನು ಒಡೆದಳು. "ನಟರಾಜನ್ನ ಇಸ್ಕೂಲ್ನಾಗೆ ಜೇನ್ಗಳ್ಳನ ಮಗ ಅಂತಿದ್ರು. ಅವ್ನು ಅಲ್ಲಿಗೇ ಇಸ್ಕೂಲು ಬಿಟ್ಟ."

ಸಂಘದವರು ಹತ್ತೊಂಬತ್ತು ದಿನ ಕೆಲಸ ನಿಲ್ಲಿಸಿದರಂತೆ. ಕೊನೆಗೆ ಧಣಿ ಸ್ವಲ್ಪ ದುಡ್ಡು ಕೊಟ್ಟು ಮುಗಿಸಲು ನೋಡಿದರು. "ನಾನು ಬ್ಯಾಡ ಅಂದೆ. ಕಳ್ಳನ ಎಂಡ್ತಿ ಅಂತ ಇಸ್ಕಳಾಕಾಯ್ತದಾ? ದಿನಾ ಅವ್ನ ಎಸ್ರು ಕೂಗಿ ಅಂದೆ. ಕೂಗಾಕೇನು ಕರ್ಚು ಅಂತ ಧಣಿ ನಕ್ಬುಟ್ಟು ಸೈನು ಆಕುದ್ರು."

ಅವಳು ಮೊದಲ ಸಲ ನನ್ನ ಕಡೆ ತಿರುಗಿದಳು. "ನಂಗೆ ಇನ್ನೇನೂ ಬ್ಯಾಡ. ಆ ರೈಟ್ರಪ್ಪ ಎಲ್ಲಾನಾ ಬದ್ಕಿದ್ರೆ ಒಂದು ಮಾತು ಏಳ್ಬೇಕು. ಅವತ್ತು ದ್ಯಾವಯ್ಯ ಬಂದಿದ್ದ ಅಂತ. ಅದನ್ನ ನಿನ್ ಪುಸ್ತಕದಾಗೆ ಬರ್ಕೋ. ಅವ್ನು ಕಳ್ಳ ಅಲ್ಲ ಅಂತ ಒಂದು ಕಡೆನಾರಾ ಇರ್ಲಿ."

ಆಗ ನಾನು ಎಂಥ ಮಾತಾಡಿದೆನೆಂದರೆ ಈಗಲೂ ನೆನೆದರೆ ಮೈ ಉರಿಯುತ್ತದೆ. ಹೆಸರುಗಳನ್ನು ನಾವು ಬರೆಯುವುದಿಲ್ಲಮ್ಮ, ನಂಬರು ಹಾಕುತ್ತೇವೆ, ಅದು ನಿಮ್ಮ ಒಳ್ಳೆಯದಕ್ಕೇ ಎಂದು ವಿವರಿಸಿದೆ. ಅವಳ ಕೈ ಮಣ್ಣಿನಲ್ಲೇ ನಿಂತಿತು.

"ಅವ್ರು ಗೈರು ಅಂತ ಬರುದ್ರು. ನೀನು ನಂಬ್ರ ಅಂತ ಬರೀತೀಯ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಕೈಯ ಮಣ್ಣು ಕೊಡವಿ, "ಯಾರ ಮಗಳವ್ವ ನೀನು?" ಎಂದು ಕೇಳಿದಳು.

"ಅರಸೀಕೆರೆಯವಳು. ನಮ್ಮಪ್ಪ ಕೊಬ್ಬರಿ ಮಂಡೀಲಿ ಗುಮಾಸ್ತರಾಗಿದ್ರು."

ಸುಳ್ಳಲ್ಲ. ಪುಸ್ತಕದಲ್ಲಿ ಬರೆದರೆ ಯಾವ ಅಧಿಕಾರಿಯೂ ತಪ್ಪು ಹಿಡಿಯಲಾರದಂಥ ಉತ್ತರ. ಅಪ್ಪನ ಮಗಳೇ ನಾನು ಎಂದು ಆ ಗಳಿಗೆಯಲ್ಲಿ ನನಗೇ ಗೊತ್ತಾಯಿತು. ಅವಳು ಒಂದು ಖಾಲಿ ಚೀಲ ಕೊಟ್ಟು "ಇಡ್ಕೋ" ಎಂದಳು. ನಾನು ಬಾಯಿ ಅಗಲಿಸಿ ಹಿಡಿದುಕೊಂಡೆ, ಅವಳು ಮಣ್ಣು ತುಂಬಿದಳು. ಹೀಗೇ ಮೂವತ್ತು ಚೀಲವಾದವು.

ಬಿಕ್ಕೋಡಿಗೆ ವಾಪಸು ಬಿಡುವಾಗ ನಟರಾಜ್ ಜೀಪಿನಲ್ಲಿ ಹೇಳಿದ. "ಅವ್ವ ಇರೋಗಂಟ ಕೂಗ್ತಾರೆ ಮೇಡಂ. ಆಮ್ಯಾಕೆ ಗೊತ್ತಿಲ್ಲ. ಸಂಘದಾಗೆ ಹಳಬ್ರು ಅಂತ ಐದಾರು ಜನ ಉಳ್ದವ್ರೆ." ಇಳಿಯುವಾಗ ಅವನು ನನ್ನ ಕಣ್ಣು ತಪ್ಪಿಸಿ, "ನಿಮ್ಗೆ ಹಲಗಯ್ಯನ ಹೆಸ್ರು ಮೊದ್ಲೇ ಗೊತ್ತಿತ್ತಲ್ಲ" ಎಂದ. ನಾನು ಬಸ್ಸು ಹತ್ತಿದೆ.

ಮನೆಯಲ್ಲಿ ಅಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಕರಡಿಕಾನು ಎಂದ ಕೂಡಲೇ ಮೊರ ಕೆಳಗಿಟ್ಟಳು. ನಮ್ಮಮ್ಮ ಗುರುಸಿದ್ದಮ್ಮ ಏನನ್ನಾದರೂ ಅರ್ಧಕ್ಕೆ ಬಿಟ್ಟಿದ್ದನ್ನು ನಾನು ನೋಡಿಲ್ಲ.

"ಕೆದಕ್ಬೇಡ ಕಣೇ. ಆ ಮನುಷ್ಯ ಇಪ್ಪತ್ತು ವರ್ಷ ಒಂದಿನ ನೆಟ್ಟಗೆ ನಿದ್ದೆ ಮಾಡ್ಲಿಲ್ಲ. ಈಗ ಮರೀತಿದಾರೆ, ಮಾಡ್ತಿದಾರೆ. ಆ ಶಿವ ಕೊಟ್ಟಿರೋ ಪುಣ್ಯ ಅದು."

"ಮರೆತಿಲ್ಲಮ್ಮ. ದಿನಾ ಬೆಳಿಗ್ಗೆ ಬಾಗಿಲಲ್ಲಿ ಕೂತು ಅದನ್ನೇ ಹೇಳ್ತಿದಾರೆ. ನಾವಿಬ್ರೂ ಕೇಳಿಸ್ಕೊಂಡಿಲ್ಲ ಅಷ್ಟೇ."

"ನಾನು ಕೇಳಿಸ್ಕೊಂಡಿದೀನಿ" ಎಂದಳು ಅಮ್ಮ. ಅವಳ ಮುಖ ಕೆಂಪಾಗಿತ್ತು. "ಈ ಮಂಡಿ ಕೆಲಸ ಕೊಡ್ಸಿದ್ದು ಯಾರು ಅಂದ್ಕೊಂಡೆ? ಆ ಧಣಿನೇ. ನೀನು ಕಾನ್ವೆಂಟಿಗೆ ಹೋದೆ, ಓದಿದೆ, ಈಗ ಬಂದು ನ್ಯಾಯ ಹೇಳ್ತೀಯ."

ದ್ಯಾವಯ್ಯನ ಮಗ ಶಾಲೆ ಬಿಟ್ಟ ವರ್ಷವೇ ನಾನು ಹೊಸ ಶಾಲೆಗೆ ಸೇರಿದ್ದೆ.

ಮರುದಿನ ಬೆಳಿಗ್ಗೆ ಅಪ್ಪಾಜಿಯ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತೆ. ಏಳೂವರೆ. ಈರಯ್ಯ, ತಿಮ್ಮಕ್ಕ, ಗುಂಡಯ್ಯ, ಹಲಗಯ್ಯ. ಅವರು ನಿಲ್ಲಿಸಿದಲ್ಲಿ ನಾನು ಮೆಲ್ಲಗೆ "ದ್ಯಾವಯ್ಯ" ಎಂದೆ.

ಕೆರೆಯುತ್ತಿದ್ದ ಉಗುರು ನಿಂತಿತು. ಅವರು ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ತಾವು ಲೇಬರ್ ಆಫೀಸಿನವರಾ?" ಎಂದು ಕೇಳಿದರು.

ಮಗಳು ಎನ್ನಬೇಕಿತ್ತು. "ಹೌದು" ಎಂದೆ.

ಅವರು ಎದ್ದು ನಿಂತು ಪಂಚೆ ಸರಿಪಡಿಸಿಕೊಂಡರು. "ಪುಸ್ತಕದಲ್ಲಿ ಇದ್ದ ಹಾಗೆ ಇದೆ ಸ್ವಾಮಿ. ಆ ಆಸಾಮಿ ಅವತ್ತು ಗೈರು. ನಾನು ಕೂಗಿದೆ, ಉತ್ತರ ಬರಲಿಲ್ಲ." ನೆಲ ನೋಡುತ್ತಾ, ಪಾಠ ಒಪ್ಪಿಸುವವರಂತೆ ಹೇಳಿದರು. ಆಮೇಲೆ ಕೂತು ಆ ಗುಳಿಯನ್ನು ಎಷ್ಟು ಜೋರಾಗಿ ಕೆರೆದರೆಂದರೆ ಉಗುರಿನ ಸಂದಿಯಲ್ಲಿ ರಕ್ತ ಬಂತು. ಅಮ್ಮ ಓಡಿಬಂದು ಕೈ ಹಿಡಿದುಕೊಂಡಳು. ನನ್ನನ್ನು ಬೈಯಲಿಲ್ಲ, ಅರಿಸಿನ ಹಚ್ಚಿ ಬಟ್ಟೆ ಸುತ್ತಿದಳು. ಇಪ್ಪತ್ತೈದು ವರ್ಷದ ಹಿಂದೆ ಹೇಳಿಕೊಟ್ಟ ಸುಳ್ಳು ಇನ್ನೂ ಅಷ್ಟೇ ಸ್ವಚ್ಛವಾಗಿ ಅವರೊಳಗೆ ಉಳಿದಿತ್ತು. ಅದರ ಕೆಳಗೆ ನಿಜ ಉಳಿದಿದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ, ಅದು ಹೋಗಿಬಿಟ್ಟರೆ ದ್ಯಾವಯ್ಯ ಕೊನೆಯವರೆಗೂ ಕಳ್ಳನೇ.

ನಟರಾಜನಿಗೆ ಫೋನ್ ಮಾಡಿದೆ. ನಾನು ಯಾರ ಮಗಳೆಂದು ಹೇಳಿದೆ. ಅಪ್ಪಾಜಿ ಈಗ ಹೇಗಿದ್ದಾರೆ ಎಂಬುದನ್ನೂ ಹೇಳಿದೆ. ಆ ಕಡೆ ಜೀಪಿನ ಇಂಜಿನ್ ಆಫ್ ಆಯಿತು. "ಅವ್ವನ್ನ ಕೇಳಿ ಹೇಳ್ತೀನಿ" ಎಂದು ಇಟ್ಟ. ಸಂಜೆ ಅವನೇ ಫೋನ್ ಮಾಡಿದ. "ಕರ್ಕಂಬಾ ಅಂದ್ಲು. ಆಪೀಸಿಗೆ ಬ್ಯಾಡ, ಮನೆಗೂ ಬ್ಯಾಡ. ಆಜ್ರಿ ಒತ್ಗೆ ಕಣದ ತಾವ. ಇನ್ನೊಂದು ಮಾತು ಅಂದ್ಲು. ನಿಮ್ಮನ್ನ ನೋಡಿದ್ ದಿನಾನೇ ಗೊತ್ತಾಗಿತ್ತಂತೆ. ನೀವು ಬರಿಯೋಕ್ ಮುಂಚೆ ಪೆನ್ನಿನ ತುದಿನ ಎರಡ್ ಸಲ ಹಲ್ಲಿಗೆ ಬಡೀತೀರಂತೆ, ರೈಟ್ರಪ್ಪನ ಹಂಗೇ."

ಮುಂದಿನ ಶುಕ್ರವಾರ ಕಾಲೇಜಿಗೆ ರಜೆ ಹಾಕಿ ಕಾರು ಗೊತ್ತು ಮಾಡಿದೆ. ಅಮ್ಮ ಬರುವುದಿಲ್ಲ ಎಂದಳು. ಆದರೆ ನಸುಕಿನಲ್ಲೇ ಎದ್ದು ಅಪ್ಪಾಜಿಗೆ ಸ್ನಾನ ಮಾಡಿಸಿ, ಪೂಜೆಗೆ ಕೂರಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಸಿದಳು. ಕಾರಿನ ಬಾಗಿಲು ಹಾಕುವ ಮೊದಲು ಅವರ ಜೇಬಿಗೆ ಒಂದು ಪೆನ್ನು ಸಿಕ್ಕಿಸಿದಳು. ಹಳೇಬೀಡಿನವರೆಗೂ ಅವರು ನಿದ್ದೆ ಮಾಡಿದರು. ಬೇಲೂರು ದಾಟಿದ ಮೇಲೆ ಎಚ್ಚರವಾಗಿ ಕೂತು, ಬಿಕ್ಕೋಡು ಕಳೆದು ಮಣ್ಣಿನ ದಾರಿಯ ಹತ್ತಿರ ಬಂದಾಗ ಡ್ರೈವರಿಗೆ "ಎಡಕ್ಕೆ" ಎಂದರು.

ಕಣದಲ್ಲಿ ಎಲ್ಲರೂ ನಿಂತಿದ್ದರು. ಸಂಘದ ಹಳಬರು, ಕೆಲಸ ಬಿಟ್ಟವರೂ ಬಂದಿದ್ದರು. ಅಪ್ಪಾಜಿ ಯಾರ ಮುಖವನ್ನೂ ನೋಡದೆ ನೇರವಾಗಿ ಹೇಮಂತನ ಬಳಿ ಹೋಗಿ ಕೈ ಚಾಚಿದರು. ಅವನು ಪುಸ್ತಕ ಕೊಟ್ಟ. ಅದನ್ನು ಎಡಗೈ ಮೇಲೆ ತೆರೆದಿಟ್ಟುಕೊಂಡು, ಪೆನ್ನಿನ ತುದಿಯನ್ನು ಎರಡು ಸಲ ಹಲ್ಲಿಗೆ ಬಡಿದು, ಪುಟ ನೋಡದೆಯೇ ಕೂಗಿದರು.

"ಈರಯ್ಯ."

ಯಾರೂ ಮಾತಾಡಲಿಲ್ಲ. ಈರಯ್ಯ ತೀರಿಕೊಂಡು ಹತ್ತು ವರ್ಷವಾಯಿತು ಎಂದು ನಟರಾಜ್ ನನ್ನ ಕಿವಿಯಲ್ಲಿ ಹೇಳಿದ. ಅಪ್ಪಾಜಿ ಕತ್ತು ಓರೆ ಮಾಡಿ ಕಾದು, ತಲೆಯಾಡಿಸಿ, ಮುಂದಕ್ಕೆ ಹೋದರು. ತಿಮ್ಮಕ್ಕ ಬಂದಿವ್ನಿ ಎಂದಳು. ಗುಂಡಯ್ಯನೂ ಸತ್ತವನೇ, ಅವನಿಗೂ ಅಷ್ಟೇ ಹೊತ್ತು ಕಾದರು. ಹಲಗಯ್ಯ ಓ ಎಂದ. ಆಮೇಲೆ ಅವರು ನಿಲ್ಲಿಸಿದರು.

ನಮ್ಮ ಮನೆಯಲ್ಲಿ ಆ ನಿಲುಗಡೆ ಒಂದು ಉಸಿರಿನಷ್ಟಿರುತ್ತಿತ್ತು. ಇಲ್ಲಿ ಅದು ಮುಗಿಯಲೇ ಇಲ್ಲ. ಸಣ್ಣತಾಯಮ್ಮ ಸಾಲಿನಿಂದ ಹೊರಗೆ ಬಂದು ಅವರ ಎದುರಿಗೆ, ಎರಡು ಮಾರು ದೂರದಲ್ಲಿ ನಿಂತಳು. ಹಿಂದಿನವರಿಗೆ ಸುಮ್ಮನಿರಿ ಎಂಬಂತೆ ಕೈ ಎತ್ತಿದಳು.

"ಕೂಗಿ ರೈಟ್ರಪ್ಪ" ಎಂದಳು.

ಅಪ್ಪಾಜಿಯ ಹೆಬ್ಬೆರಳು ಪುಟದ ಮೇಲೆ ಆಡತೊಡಗಿತು. "ಅವತ್ತು ಕೂಗಿದ್ದೆ" ಎಂದರು. ಅವರ ದನಿ ನನಗೆ ಗುರುತು ಸಿಗಲಿಲ್ಲ. "ಕೂಗಿದ್ದೆ ಕಣಮ್ಮ. ಓ ಅಂದ. ನಿನ್ನ ಪಕ್ಕದಲ್ಲೇ ಇದ್ದ, ಕೈಯಲ್ಲಿ ಕತ್ತಿ ಇತ್ತು. ಗೆರೆ ಎಳೆದೆ. ಸಂಜೆ ಬಂಗಲೆಗೆ ಕರೆಸಿ ಅಳಿಸು ಅಂದ್ರು. ಇಂಕು ಅಳಿಸೋಕಾಗಲ್ಲ ಧಣಿ ಅಂದೆ. ಬ್ಲೇಡ್ ಕೊಟ್ರು. ಕೆರೆದೆ. ಮೆಲ್ಲಗೆ, ಹಾಳೆ ತೂತಾಗದ ಹಾಗೆ ಕೆರೆದೆ." ಅವರು ತಮ್ಮ ಹೆಬ್ಬೆರಳನ್ನೇ ನೋಡಿಕೊಂಡರು. "ಇನ್ನೂ ಹೋಗಿಲ್ಲ ನೋಡು."

ನಟರಾಜ್ ಎಲ್ಲರಿಗೂ ಬೆನ್ನು ಹಾಕಿ ನಿಂತ. ಸಣ್ಣತಾಯಮ್ಮ ಅಳಲಿಲ್ಲ. ಕೈಯನ್ನೂ ಇಳಿಸಲಿಲ್ಲ. "ಕೂಗಿ" ಎಂದಳು ಮತ್ತೆ.

"ದ್ಯಾವಯ್ಯ."

ಯಾರೂ ಉತ್ತರ ಕೊಡಲಿಲ್ಲ. ಅಷ್ಟು ವರ್ಷದಲ್ಲಿ ಮೊದಲ ಸಲ ಆ ಹೆಸರಿಗೆ ಕಣದಿಂದ ಮಾತು ಬರಲಿಲ್ಲ. ಅಪ್ಪಾಜಿ ಕತ್ತು ಓರೆ ಮಾಡಿ, ಸಣ್ಣತಾಯಮ್ಮನ ಎಡಪಕ್ಕದ ಖಾಲಿ ಜಾಗದ ಕಡೆ ಕಿವಿಗೊಟ್ಟರು. ಏನೋ ಕೇಳಿಸಿತೆಂಬಂತೆ ತಲೆಯಾಡಿಸಿದರು. ಈ ಸಲ ಪುಟವನ್ನು ನೋಡಿ, ಆ ಸಾಲಿನ ಖಾಲಿ ಮನೆ ಹುಡುಕಿ, ಒಂದು ಓರೆಗೆರೆ ಎಳೆದರು. ನನಗೇನೂ ಕೇಳಿಸಲಿಲ್ಲ. ಆದರೆ ಸಣ್ಣತಾಯಮ್ಮ ಒಂದು ಹೆಜ್ಜೆ ಬಲಕ್ಕೆ ಸರಿದದ್ದನ್ನು ನೋಡಿದೆ, ಪಕ್ಕದಲ್ಲಿ ನಿಂತವರಿಗೆ ಜಾಗ ಬಿಡುವಾಗ ಸರಿಯುತ್ತೇವಲ್ಲ, ಹಾಗೆ.

"ಸಣ್ಣತಾಯಮ್ಮ" ಎಂದರು ಅಪ್ಪಾಜಿ.

"ಬಂದಿವ್ನಿ."

ಹಾಜರಿ ಮುಗಿದ ಮೇಲೆ ಅವಳು ಹೇಮಂತನ ಹತ್ತಿರ ಹೋದಳು. "ನಾಳಿಂದ ಆ ಎಸ್ರು ಕೂಗ್ಬ್ಯಾಡಿ. ಗೆರೆ ಬಿತ್ತಲ್ಲ. ಇನ್ನ ಅವ್ನು ಕೆಲ್ಸಕ್ಕೆ ಓಗ್ಲಿ" ಎಂದಳು. ನನ್ನ ಕಡೆ ತಿರುಗಿ, "ಬರ್ಕಂಡಾ?" ಎಂದು ಕೇಳಿದಳು. ಬರೆದುಕೊಂಡೆ ಎಂದೆ. ನೆನಪು ಕೆಟ್ಟವರ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು ನಟರಾಜ್ ಹೇಳಿದ. ಅವಳು ಆಗಲೇ ನರ್ಸರಿಯ ಕಡೆ ನಡೆದಿದ್ದಳು.

ನನ್ನ ಐದನೇ ಅಧ್ಯಾಯದಲ್ಲಿ ಈಗ ಹೆಸರುಗಳಿವೆ. ಅವರವರನ್ನು ಕೇಳಿಯೇ ಬರೆದಿದ್ದೇನೆ. ಸತ್ತವನು ದ್ಯಾವಯ್ಯ, ಆ ದಿನ ಕೆಲಸಕ್ಕೆ ಹಾಜರಿದ್ದ. ಹೆಂಡತಿ ಸಣ್ಣತಾಯಮ್ಮ. ಹಾಜರಿ ಕೆರೆದವರು ರೈಟರ್ ಇಂದುಧರ, ಸಂಶೋಧಕಿಯ ತಂದೆ. ಇದೊಂದನ್ನು ಮಾತ್ರ ನಾನು ಅಮ್ಮನನ್ನು ಕೇಳಬೇಕಾಯಿತು. ಅವಳು ಪುಟವನ್ನು ಎರಡು ಸಲ ಓದಿ, ಮಡಚಿ ನನ್ನ ಕೈಗಿಟ್ಟಳು. ಉಮಾಶಂಕರ್ ಸರ್ ಅದರ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಳಿಸಿದ್ದಾರೆ. ನಾನು ಅಳಿಸಿಲ್ಲ, ಬದಲಾಯಿಸಿಯೂ ಇಲ್ಲ.

ಅಪ್ಪಾಜಿ ಸುಮ್ಮನಾಗುತ್ತಾರೆ ಎಂದುಕೊಂಡಿದ್ದೆ. ಉಗುರು ಸುಮ್ಮನಾಯಿತು. ಮೆಟ್ಟಿಲಿನ ಗುಳಿಗೆ ಅಮ್ಮ ಸಿಮೆಂಟು ಹಾಕಿಸಿದಳು. ಆದರೆ ಏಳೂವರೆಗೆ ಹೆಸರುಗಳು ಬರುತ್ತಲೇ ಇವೆ. ಈಗ ಹಲಗಯ್ಯ ಆದಮೇಲೆ ನಿಲುಗಡೆಯಿಲ್ಲ, "ದ್ಯಾವಯ್ಯ" ಎನ್ನುತ್ತಾರೆ. ಯಾರಾದರೂ ಉತ್ತರ ಕೊಡುವವರೆಗೂ ಕಾಯುತ್ತಾರೆ. ಕರಡಿಕಾನಿನಲ್ಲಿ ಆ ಹೆಸರನ್ನು ಈಗ ಯಾರೂ ಕೂಗುವುದಿಲ್ಲ, ಅದು ನಮ್ಮ ಮನೆಗೆ ಬಂದಿದೆ.

ಮೊದಲ ವಾರ ಒಂದು ದಿನ ನಾನು ಬಸ್ಸಿಗೆ ತಡವಾಯಿತೆಂದು ಅವರ ಪಕ್ಕದಲ್ಲೇ ಇಳಿದು ಹೋಗಿಬಿಟ್ಟೆ. ಅಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಮಧ್ಯಾಹ್ನ ಬಂದು ನೋಡಿದರೆ ಅಪ್ಪಾಜಿ ಬಿಸಿಲಲ್ಲಿ ಹಾಗೇ ಕತ್ತು ಓರೆ ಮಾಡಿಕೊಂಡು ಕೂತಿದ್ದರು. ತಿಂಡಿಗೂ ಎದ್ದಿರಲಿಲ್ಲ. ಅಮ್ಮ ಪಕ್ಕದಲ್ಲಿ ಸೋತು ಕೂತು ಅವರ ಕಾಲು ಒತ್ತುತ್ತಿದ್ದಳು.

ಅಂದಿನಿಂದ ನಮ್ಮಿಬ್ಬರಲ್ಲಿ ಒಬ್ಬರು ಏಳೂವರೆಗೆ ಮನೆಯಲ್ಲಿರುತ್ತೇವೆ. ಇಂದು ಬೆಳಿಗ್ಗೆ ನಾನು ಚಪ್ಪಲಿ ಹಾಕಿಕೊಂಡು ಗೇಟಿನವರೆಗೆ ಹೋಗಿದ್ದೆ. ಹಿಂದಿನಿಂದ ಅವರು ಆ ಹೆಸರು ಕೂಗಿದರು. ನಾನು ಬಾಯಿ ತೆರೆಯುವುದರೊಳಗೆ ಅಡುಗೆಮನೆಯ ಒಳಗಿನಿಂದ, ಒಗ್ಗರಣೆಯ ಸದ್ದಿನ ಮಧ್ಯೆ, ಅಮ್ಮನ ದನಿ ಬಂತು.

"ಬಂದಿದಾನೆ ಕಣ್ರೀ. ಮುಂದಕ್ಕೆ ಕೂಗಿ."